ಸೋದರತ್ತೆಯ ಬುತ್ತಿ

ಊಟದ ಡಬ್ಬಿ ದಿನವೂ ನೆಕ್ಕಿದ ಹಾಗೆ ಖಾಲಿಯಾಗಿ ಬರುತ್ತಿತ್ತು. ಅಕೋಸಿತಾಳಿಗೆ ಅನುಮಾನ ಹುಟ್ಟಿದ್ದೇ ಅಲ್ಲಿಂದ. ಮನೆಯಲ್ಲಿ ಕೆಸುವಿನ ಗೆಡ್ಡೆ ಕಂಡರೆ ಮುಖ ಸಿಂಡರಿಸುವ ಎಂಟು ವರ್ಷದ ಮಗಳು ಪಿಸಿಲಾ, ಶಾಲೆಯಲ್ಲಿ ಮಾತ್ರ ಒಂದು ಚೂರೂ ಬಿಡದೆ ತಿನ್ನುತ್ತಾಳೆಯೇ?

ಶಾಲೆಗೆ ಬಂದಿದ್ದ ದಾದಿ ಮಗುವಿನ ಬೆರಳು ಚುಚ್ಚಿ ನೋಡಿ, "ಸಕ್ಕರೆ ಕಾಯಿಲೆ ಹೊಸಿಲ ಮೇಲೆ ನಿಂತಿದೆಯಮ್ಮ. ಏನು ತಿನ್ನಿಸ್ತೀರಿ?" ಎಂದಿದ್ದಳು.

"ಗೆಡ್ಡೆ, ಮೀನು, ಸೊಪ್ಪು."

ದಾದಿ ನಂಬಲಿಲ್ಲ. ಅಂದಿನಿಂದ ಅಕೋಸಿತಾ ಅಂಗಡಿಯವನನ್ನು ಶಂಕಿಸಿದಳು, ಗಂಡನ ಜೇಬು ತಡಕಿದಳು, ಕೊನೆಗೆ ಶಾಲೆಯಿಂದ ಬಂದ ಮಗಳ ಬಾಯಿ ಮೂಸಿದಳು. ಕಿತ್ತಳೆ ಸೋಡಾದ ವಾಸನೆ!

ಮರುದಿನ ಮಧ್ಯಾಹ್ನ ಶಾಲೆಯ ಬೇಲಿಯ ಬಳಿ ದೀವಿಹಲಸಿನ ಮರದ ಮರೆಯಲ್ಲಿ ನಿಂತಳು. ಗಂಟೆ ಹೊಡೆಯಿತು. ಬಂದವಳು ಗಂಡನ ಅಕ್ಕ ಲೂಪೆ. ಹಿಂದೆಯೇ ಅವಳ ಸಾಕುಹಂದಿ. ಬೇಲಿಯ ಸಂದಿಯಿಂದ ಸೋಡಾ ಬಾಟಲಿ, ಹಸಿ ನೂಡಲ್ಸ್ ಪೊಟ್ಟಣ ಒಳಗಿದ್ದ ಪಿಸಿಲಾಳ ಕೈಗೆ ಹೋದವು. ಡಬ್ಬಿ ಹೊರಗೆ ಬಂತು. ಗೆಡ್ಡೆಯೆಲ್ಲ ಹಂದಿಯ ಮುಂದೆ.

ಟೊಂಗಾ ದ್ವೀಪಗಳಲ್ಲಿ ಸೋದರತ್ತೆ ಕೊಟ್ಟದ್ದನ್ನು ಮಗು ಬೇಡವೆನ್ನಬಾರದು, ತಾಯಿ ಯಾಕೆನ್ನಬಾರದು.

"ಅತ್ತಿಗೆ!"

ಲೂಪೆ ಬೆಚ್ಚಲೂ ಇಲ್ಲ. "ಓಹೋ, ಪತ್ತೇದಾರಿ ಮಾಡೋಕೆ ಬಂದ್ಯೇನೇ? ಗೆಡ್ಡೆ ಬಡವರ ಊಟ. ಮಗೂನ ಕಡ್ಡಿ ಥರ ಒಣಗಿಸಿ, ನಮ್ಮ ಮನೆತನ ಉಪವಾಸ ಬಿದ್ದಿದೆ ಅಂತ ಊರಿಗೆಲ್ಲ ಸಾರ್ತೀಯಾ? ನನ್ನ ತಮ್ಮನ ಮಗಳು ಮೈಕೈ ತುಂಬ್ಕೊಂಡಿರ್ಬೇಕು!"

"ನಿಮ್ಮಮ್ಮನೂ ತುಂಬ್ಕೊಂಡೇ ಇದ್ರು, ಅತ್ತಿಗೆ. ಆಮೇಲೆ ಸಕ್ಕರೆ ಕಾಯಿಲೆಗೆ ಒಂದು ಕಾಲು ಕತ್ತರಿಸಿದ್ರು. ಆಮೇಲೆ ಇನ್ನೊಂದು."

"ಅದು ದೇವರಿಚ್ಛೆ. ಸೋದರತ್ತೆ ಕೈ ತಡೆಯೋ ಎದೆ ಯಾವ ಸೊಸೆಗಿದೆಯೇ ಇಲ್ಲಿ?"

ಹತ್ತು ವರ್ಷ ಅಕೋಸಿತಾ ಅವಳೆದುರು ತಲೆಯೆತ್ತಿರಲಿಲ್ಲ. ಈಗ ಸಂದಿಯಲ್ಲಿ ಕೈ ಚಾಚಿ ಮಗಳಿಂದ ಬಾಟಲಿ ತೆಗೆದುಕೊಂಡಳು, ಹಂದಿಯತ್ತ ಬಾಗಿಸಿದಳು.

"ಅಯ್ಯೋ, ಬೇಡ ಕಣೇ!" ಲೂಪೆ ಕೂಗಿಕೊಂಡಳು. "ಚರ್ಚಿನ ಹಬ್ಬಕ್ಕೆ ಅಂತ ಸಾಕಿರೋದು! ಹೊಟ್ಟೆ ಕೆಟ್ಟುಹೋಗುತ್ತೆ!"

ಅಕೋಸಿತಾ ಕೈ ಹಿಂದಕ್ಕೆಳೆದುಕೊಂಡಳು. "ಹಂದಿಗೆ ಆಗದ್ದು ಮಗೂಗೆ ಆಗುತ್ತಾ, ಅತ್ತಿಗೆ? ನಾಳೆಯಿಂದ ನಾನೂ ಇಲ್ಲೇ ನಿಂತಿರ್ತೀನಿ."

ಲೂಪೆ ಹಂದಿಯನ್ನು ಅಟ್ಟಿಕೊಂಡು ಮನೆಯತ್ತ ಹೊರಟಳು.

ಮಾರನೆಯ ಸಂಜೆ ಡಬ್ಬಿಯಲ್ಲಿ ಅರ್ಧ ಗೆಡ್ಡೆ ಉಳಿದು ಬಂತು. ಅದರ ಅಂಚಿನಲ್ಲಿ ಪುಟ್ಟ ಹಲ್ಲಿನ ಗುರುತು. ಬಹಳ ದಿನಗಳ ನಂತರ ಅಕೋಸಿತಾ ಆ ಡಬ್ಬಿಯನ್ನು ನಂಬಿದಳು.