ಹಸಿರು ಬಳೆಯ ಒಂದು ಚೂರು

ನಮಿತಾ ಕೈ ತೊಳೆಯಲೆಂದು ತೋಳಿನ ಬಟ್ಟೆ ಬಿಚ್ಚಿದಾಗ ಹಸಿರು ಬಳೆಯ ಚೂರುಗಳು ಟಣಟಣನೆ ಸಿಂಕಿಗೆ ಬಿದ್ದವು. ಪಕ್ಕದಲ್ಲಿ ಬಾಣಲೆ ಉಜ್ಜುತ್ತಿದ್ದ ರೋಷನ್ ಬೀ ಕೈಯಲ್ಲಿದ್ದುದನ್ನು ಬಿಟ್ಟು ಬಂದಳು. ಬೆಳಿಗ್ಗೆ ಮಾಡಿದ ಕಾಯಿ ಬರ್ಫಿಯೆಲ್ಲ ಡಬ್ಬಿ ಸೇರಿ, ಮುನವ್ವರನ ವ್ಯಾನಿನಲ್ಲಿ ಯಲ್ಲಾಪುರದ ಮದುವೆಮನೆಗೆ ಹೊರಟು ಆಗಲೇ ಹೊತ್ತಾಗಿತ್ತು.

"ಯಾವಾಗ ಒಡೀತೇ?"

"ಗೊತ್ತಿಲ್ಲ ರೋಷನಕ್ಕ. ಬೆಳಿಗ್ಗೆ ಬರ್ಫಿ ತಟ್ಟೆಗೆ ಕೆರೆದು ಹಾಕೂವಾಗ ಕೈ ಬಾಣಲೆ ಅಂಚಿಗೆ ತಾಗಿತ್ತು. ಆಗ್ಲೇ ಇರ್ಬೇಕು."

ಸಿರಸಿಯ ಆ ಮಿಠಾಯಿ ಕಾರ್ಖಾನೆಯಲ್ಲಿ ಗಾಜಿನ ಬಳೆ ತೊಡುವಂತಿಲ್ಲ. ಮಾಲೀಕ ಉಲ್ಲಾಸ ಹೆಗಡೆ ಆ ನಿಯಮವನ್ನು ಕೆಂಪಕ್ಷರದಲ್ಲಿ ಬರೆಸಿ ದೇವರ ಪಟದ ಪಕ್ಕದಲ್ಲೇ ತೂಗುಹಾಕಿದ್ದ. ಊದಿನಕಡ್ಡಿಯ ಹೊಗೆ ಎರಡಕ್ಕೂ ಸಮನಾಗಿ ಸಲ್ಲುತ್ತದೆಂದು ಹೆಂಗಸರು ನಗಾಡುತ್ತಿದ್ದರು. ಬೆಳಿಗ್ಗೆ ಒಳಗೆ ಬಿಡುವ ಮೊದಲು ಎಲ್ಲರ ಕೈ ನೋಡುವ ಕೆಲಸ ರೋಷನ್ ಬೀಯದು. ಭಾರೀ ಖಡಕ್ಕು ಹೆಂಗಸು, ಉಗುರು ಸ್ವಲ್ಪ ಬೆಳೆದಿದ್ದರೂ ವಾಪಸು ಕಳಿಸುವವಳು.

ಅಂಥವಳು ನಮಿತಾಳೆದುರು ಸೋತಿದ್ದಳು. ಬಸುರಿ ಮಗಳಿಗೆ ತವರೂರು ಮನ್ಮನೆಯಲ್ಲಿ ತಾಯಿ ಹಸಿರು ಬಳೆ ತೊಡಿಸಿ ಕಳಿಸಿದ್ದಳು, ಹೆರಿಗೆಯ ತನಕ ತೆಗೆಯುವಂತಿಲ್ಲ. ಕೊರೊನಾದಲ್ಲಿ ಮುಚ್ಚಿದ್ದ ಕಾರ್ಖಾನೆ ಆಗಷ್ಟೇ ಬಾಗಿಲು ತೆರೆದಿತ್ತು, ನಮಿತಾಳ ಗಂಡನಿಗೆ ಇನ್ನೂ ಕೆಲಸ ಸಿಕ್ಕಿರಲಿಲ್ಲ. ರೋಷನ್ ಬೀಯ ಕೈ ಬೋಳಾದದ್ದೂ ಅದೇ ಕೊರೊನಾದಲ್ಲಿ. ಆಸ್ಪತ್ರೆಯಿಂದ ಗಂಡನ ಸುದ್ದಿ ಬಂದ ದಿನ ನಾದಿನಿಯರು ಅವಳ ಬಳೆ ತೆಗೆಸಿದ್ದರು. ಇನ್ನೊಬ್ಬಳಿಗೆ ಬಳೆ ತೆಗಿ ಎನ್ನಲು ಅವಳಿಗೆ ನಾಲಿಗೆಯೇ ಏಳಲಿಲ್ಲ. ತನ್ನ ಹಳೇ ದುಪಟ್ಟಾ ಹರಿದು, ತೋಳಿಗೆ ಬಿಗಿಯಾಗಿ ಕೂರುವಂತೆ ಹೊಲಿದುಕೊಟ್ಟು, ಬಳೆಗಳನ್ನು ಅದರೊಳಗೆ ಮುಚ್ಚಿಸಿ, ಕಂಡೂ ಕಾಣದಂತೆ ಒಳಗೆ ಬಿಟ್ಟಿದ್ದಳು.

ಈಗ ಚೂರುಗಳನ್ನು ಆರಿಸಿ ಕಟ್ಟೆಯ ಮೇಲೆ ಒಂದರ ತುದಿಗೊಂದು ಜೋಡಿಸಿದಳು. ಬಳೆ ಗುಂಡಗೆ ಬಂತು, ಒಂದು ಕಡೆ ಮಾತ್ರ ಉಗುರಿನಗಲ ಖಾಲಿ ಉಳಿಯಿತು. ಸಿಂಕು ನೋಡಿದರು, ಒಂದು ಕಡೆ ಹೊಲಿಗೆ ಬಿಟ್ಟಿದ್ದ ಬಟ್ಟೆ ಕೊಡವಿದರು, ಬಾಣಲೆ, ತಟ್ಟೆ, ನೆಲ ಎಲ್ಲ ತಡಕಿದರು. ಆ ಚೂರು ಎಲ್ಲೂ ಇರಲಿಲ್ಲ.

ಮುನವ್ವರನ ಫೋನು ಹತ್ತಲಿಲ್ಲ. ದಾರಿಯ ಮಂಚಿಕೇರಿ ಕಾಡಿನಲ್ಲಿದ್ದರೆ ಎಲ್ಲಿಂದ ಹತ್ತೀತು? ಮದುವೆಮನೆಯವರ ನಂಬರ್ ಇದ್ದದ್ದು ಹೆಗಡೆಯ ಹತ್ತಿರ ಮಾತ್ರ.

"ಹೇಳ್ಬೇಡಿ ರೋಷನಕ್ಕ," ನಮಿತಾ ಅವಳ ಸೆರಗು ಹಿಡಿದಳು. "ಇಬ್ರಿಗೂ ಕೆಲ್ಸ ಹೋಗ್ತದೆ."

"ಯಾವ್ದಾದ್ರೂ ಮಗು ಗಂಟಲಿಗೆ ಹೋದ್ರೆ ಎಂತ ಮಾಡ್ತೀಯೇ? ನಿಂಗೂ ಒಂದು ಹುಟ್ತದಲ್ಲ?"

ಹಾಗೆ ಅಂದದ್ದಕ್ಕೆ ಅವಳಿಗೇ ಕೆಟ್ಟದೆನಿಸಿತು. ಆದರೂ ಸೆರಗು ಬಿಡಿಸಿಕೊಂಡು ಆಫೀಸಿಗೆ ನಡೆದಳು.

ಹೆಗಡೆ ಎಲ್ಲವನ್ನೂ ಕೇಳಿ ಮುಖ ಕಪ್ಪಿಟ್ಟು ಕೂತ. "ಕೈ ನೋಡೂಕೆ ನಿಮ್ಮನ್ನ ನಿಲ್ಸಿದ್ದು ಎಂತಕ್ಕೆ ರೋಷನ್ ಬೀ?" ಎಂದ. ಅಷ್ಟು ದೊಡ್ಡ ಆರ್ಡರು ಕೊರೊನಾದ ನಂತರ ಅದೇ ಮೊದಲನೆಯದು. ಪಾಕ ಕೆಟ್ಟಿದೆಯೆಂದು ಮದುವೆಮನೆಯವರಿಗೆ ಒಂದು ಸುಳ್ಳು ಹೇಳಿದ್ದರೆ ಅವನ ಮಾನ ಅಷ್ಟಿಷ್ಟು ಉಳಿಯುತ್ತಿತ್ತು. ಅವನು ಮದುವೆಮನೆಗೆ ಫೋನು ಹಚ್ಚಿದ. ವಾಲಗದ ಗದ್ದಲದ ನಡುವೆ ಆ ಕಡೆಯವರಿಗೆ ಕೇಳುವಂತೆ ಹವ್ಯಕ ಮಾತಿನಲ್ಲಿ ಕೂಗಿಯೇ ಹೇಳಿದ. "ಬರ್ಫಿ ಯಾರಿಗೂ ಕೊಡಡಿ ಮಾರಾಯ್ರೇ, ತೆಗ್ದಿಡಿ. ಗಾಜಿನ ಚೂರು ಬಿದ್ದಿಕ್ಕು. ಹೌದು, ಗಾಜು!"

ಸಂಜೆ ವ್ಯಾನು ವಾಪಸು ಬಂತು. ಮುನವ್ವರ್ ಡಬ್ಬಿಗಳನ್ನಿಳಿಸಿ, ಒಂದನ್ನು ಬೇರೆಯಾಗಿ ರೋಷನ್ ಬೀಯ ಕೈಗಿಟ್ಟ. ಅದು ಅರ್ಧ ಖಾಲಿಯಾಗಿತ್ತು.

"ಫೋನು ಬರೂ ಮೊದ್ಲೇ ಮಕ್ಕಳು ಒಡೆದು ತಿಂದಿದ್ವು ಚಾಚಿ. ಆಡ್ತಾ ಇದ್ವು, ಯಾರಿಗೂ ಏನೂ ಆಗಿಲ್ಲ." ಆಮೇಲೆ ದನಿ ತಗ್ಗಿಸಿ, "ಇಲ್ಲೀವರೆಗೆ," ಎಂದ.

ಹೊತ್ತಾದರೂ ಯಾರೂ ಮನೆಗೆ ಹೋಗಲಿಲ್ಲ. ಹೆಂಗಸರೆಲ್ಲ ನೆಲದ ಮೇಲೆ ಪ್ಲಾಸ್ಟಿಕ್ ಹಾಸಿ ಕೂತು ಒಂದೊಂದೇ ಬರ್ಫಿ ಪುಡಿಮಾಡತೊಡಗಿದರು. ಹೆಗಡೆಯೂ ಪ್ಯಾಂಟು ಮಡಚಿ ಕೂತ. ಬೇರೆ ದಿನವಾಗಿದ್ದರೆ ಅವನ ಕೂರುವ ಚಂದ ನೋಡಿ ನಗುತ್ತಿದ್ದ ಹೆಂಗಸರು ಅಂದು ತಲೆ ಎತ್ತಲಿಲ್ಲ. ಚೂರು ಇಲ್ಲಿ ಸಿಗದಿದ್ದರೆ ಅದು ಯಾವುದೋ ಮಗುವಿನ ಹೊಟ್ಟೆಯಲ್ಲಿದೆ. ಯಾ ಅಲ್ಲಾ, ಸಿಗಲಿ, ಸಿಕ್ಕ ಮೇಲೆ ನನಗೇನಾದರೂ ಆಗಲಿ ಎಂದು ರೋಷನ್ ಬೀ ಮನಸ್ಸಿನಲ್ಲೇ ಬೇಡಿದಳು. ಕೈಗವಸಿನಲ್ಲಿ ಏನೂ ತಿಳಿಯುತ್ತಿಲ್ಲವೆಂದು ಅದನ್ನು ಕಿತ್ತೆಸೆದು ಬರಿಗೈಯಿಂದ ಹಿಸುಕಿದಳು. ಡಬ್ಬಿಗಳು ಖಾಲಿಯಾಗುತ್ತ ಬಂದವು.

ಫಕ್ಕನೆ ಬೆರಳು ಚುರುಕ್ಕೆಂದಿತು. ಬಿಳೀ ಬರ್ಫಿಯ ಮೇಲೆ ರಕ್ತದ ಹನಿ ಮೂಡಿತು, ಅದರ ನಡುವೆ ಹಸಿರು ಕಂಡಿತು. ಅವಳು ಎದ್ದುಹೋಗಿ ಚೂರನ್ನು ಕಟ್ಟೆಯ ಮೇಲಿನ ಖಾಲಿ ಜಾಗದಲ್ಲಿಟ್ಟಳು. ಸರಿಯಾಗಿ ಕೂತಿತು. ನಮಿತಾ ಹೋ ಎಂದು ಅತ್ತಳು, ಉಳಿದವರೂ ಕಣ್ಣೊರೆಸಿಕೊಂಡರು.

ಹೆಗಡೆ ಮೊದಲು ಮದುವೆಮನೆಗೆ ಫೋನು ಮಾಡಿ ತಿಳಿಸಿದ. ಆಮೇಲೆ ರೋಷನ್ ಬೀಯ ಮುಖ ನೋಡದೆ, ಹೆಂಗಸರ ನಡುವೆ ಕೂತಿದ್ದ ಲಕ್ಷ್ಮೀಯತ್ತ ಕೈತೋರಿಸಿ ಹೇಳಿದ. "ನಾಳೆಯಿಂದ ಕೈ ನೋಡೂದು ಲಕ್ಷ್ಮೀ. ನಮಿತಾ ಹೊರಗೆ ಕೂತು ಡಬ್ಬಿ ಮಡಚಲಿ. ನೀವೂ ಎಲ್ಲರ ಹಾಂಗೆ ಸಾಲಲ್ಲಿ ನಿಲ್ಲಿ."

ಮರುದಿನ ರೋಷನ್ ಬೀ ಸಾಲಿನಲ್ಲಿ ನಿಂತಳು. ಅವಳ ಸರದಿ ಬಂದಾಗ ಲಕ್ಷ್ಮೀಗೆ ಸಂಕೋಚವಾಯಿತು.

"ನೀವು ಹೋಗಿ ರೋಷನಕ್ಕ. ನಿಮ್ಮ ಕೈಯಲ್ಲಿ ಎಂತ ಇದೆ ನೋಡೂಕೆ?"

"ಎಲ್ಲರದ್ದು ನೋಡ್ದಾಂಗೆ ನಂದೂ ನೋಡು."

ಲಕ್ಷ್ಮೀ ಆ ಕೈಗಳನ್ನು ಹಿಡಿದುಕೊಂಡಳು. ಬಳೆ ತೆಗೆಸಿದ ದಿನದಿಂದ ಅವನ್ನು ಯಾರೂ ಹಾಗೆ ಹಿಡಿದಿರಲಿಲ್ಲ. ಲಕ್ಷ್ಮೀ ಒಂದೊಂದೇ ಬೆರಳು ಬಿಡಿಸಿ ನೋಡಿ, ಹೆದರುತ್ತಲೇ ಹೇಳಿದಳು. "ಬೆರಳು ಕೊಯ್ದಿದೆ ರೋಷನಕ್ಕ. ಗಾಯ ಮಾಯೂವರೆಗೆ ಒಳಗೆ ಬಿಡೂ ಹಾಂಗಿಲ್ಲ."

ಸಾಲಿನಲ್ಲಿದ್ದವರು ಕತ್ತು ಚಾಚಿ ನೋಡಿದರು. ರೋಷನ್ ಬೀ ಅವಳನ್ನೇ ದಿಟ್ಟಿಸಿ, "ಶಾಭಾಸ್," ಎಂದಳು. "ನನ್ನ ಕೈಲಿ ಇಷ್ಟು ಆಗ್ಲಿಲ್ಲ ನೋಡು."

ಆಮೇಲೆ ಹೊರಗೆ ಹೋಗಿ ನಮಿತಾಳ ಪಕ್ಕ ಕೂತು, ಒಂದು ಡಬ್ಬಿ ಎತ್ತಿಕೊಂಡು ಮಡಚತೊಡಗಿದಳು.