ಒಡಹುಟ್ಟಿದವರು ಯಾರಾದರೂ?

ಕನ್ನಡಕದ ಅಂಗಡಿಯ ಹಿಂಭಾಗದಲ್ಲಿ ಕೂತು ಗಾಜು ಉಜ್ಜಿ, ಅಂಚು ಸವರಿ, ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ಬೀದಿಯವರ ಬಾಯಲ್ಲಿ ಅವಳು ಕನ್ನಡಕದಮ್ಮ. ಗಂಡ ದೊಡ್ಡ ಕಟ್ಟಡಗಳ ಲಿಫ್ಟು ರಿಪೇರಿ ಮಾಡುವವನು. ಶಾಲೆಗೆ ಹೋಗುವ ಒಬ್ಬಳು ಮಗಳು. ಪಕ್ಕದ ಬೀದಿಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಅವಳ ಅಕ್ಕ ಇದ್ದಳು.

ಅಕ್ಕ ಮದುವೆ ಮಾಡಿಕೊಳ್ಳಲಿಲ್ಲ. ಊರಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ಊರಿನ ಅರ್ಧ ಮಕ್ಕಳು ಅವಳ ಬೈಗುಳ ತಿಂದೇ ನೀರಿನ ಹೆದರಿಕೆ ಬಿಟ್ಟವರು. ಅಂಥವಳ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು, ಆಮೇಲೆ ಔಷಧಿ, ಆಮೇಲೆ ಇನ್ನಷ್ಟು ಔಷಧಿ. ಸ್ಕೂಟರ್ ಹೋಯಿತು, ಕಷ್ಟಪಟ್ಟು ಕೊಂಡಿದ್ದ ಪುಟ್ಟ ಮನೆಯೂ ಹೋಯಿತು. ಕೊನೆಗೆ ಕಾಯಿಲೆಯೂ ಹೋಯಿತು ಅನ್ನಿ. ಆದರೆ ಬಲಗೈ ಊದಿಕೊಳ್ಳುವುದು ಮಾತ್ರ ನಿಲ್ಲಲಿಲ್ಲ. ಭುಜದಿಂದ ಮಣಿಕಟ್ಟಿನವರೆಗೆ ಬಿಗಿಯಾದ ತೋಳಿನ ಪಟ್ಟಿ ಹಾಕಿಕೊಂಡೇ ಇರಬೇಕಿತ್ತು. ಈಗ ಅದೇ ಕೊಳದಲ್ಲಿ ಲಾಕರಿನ ಬೀಗದ ಕೈ ಕೊಡುತ್ತ, ಕುರ್ಚಿಯ ಮೇಲೆ ಕೂತೇ ಮಕ್ಕಳನ್ನು ಗದರುತ್ತಿದ್ದಳು.

ಅಕ್ಕನಿಗೆ ಒಂದು ವಿಮೆ ಇತ್ತು. ಸತ್ತರೆ ಮಾತ್ರ ಹಣ ಕೊಡುವಂಥದ್ದು. ನಾಮಿನಿ ತಂಗಿಯ ಮಗಳು. "ಸತ್ತಿದ್ರೆ ನಿನ್ನ ಮಗಳು ಶ್ರೀಮಂತೆ ಆಗ್ತಿದ್ಲು ಕಣೇ. ಬದುಕಿ ಕೆಟ್ಟೆ ನೋಡು," ಅಂತ ಅಕ್ಕ ಆಗಾಗ ನಗುತ್ತಿದ್ದಳು. ಕನ್ನಡಕದಮ್ಮನೂ ನಗುತ್ತಿದ್ದಳು.

ಈ ತಮಾಷೆಯೇ ತಲೆಯಲ್ಲಿ ಕೊರೆದು ಕೊರೆದು, ಅವಳೂ ಒಂದು ವಿಮೆ ಮಾಡಿಸಲು ಹೊರಟಳು. ಏಜೆಂಟು ಫೋನಿನಲ್ಲಿ ಬಿಡಿಸಿ ಹೇಳಿದ್ದ. ಟರ್ಮ್ ಪಾಲಿಸಿ ಅಂದರೆ ಕಂತು ಕಡಿಮೆ, ಹೋದ ಮೇಲೆ ಮನೆಯವರಿಗೆ ಹಣ. ಅದರ ಜೊತೆಗೆ ಸ್ವಲ್ಪ ಹೆಚ್ಚು ಕಟ್ಟಿ ರೈಡರ್ ಅನ್ನುವ ಬೇಕಾದ ಸೌಲಭ್ಯ ಸೇರಿಸಿಕೊಳ್ಳಬಹುದು. ದೊಡ್ಡ ಕಾಯಿಲೆ ಬಂತೆಂದು ಡಾಕ್ಟರು ಬರೆದುಕೊಟ್ಟರೆ ಬದುಕಿರುವಾಗಲೇ ಹಣ ಬರುವುದು ಒಂದು, ಅಪಘಾತದಲ್ಲಿ ಕೈಕಾಲು ಹೋದರೆ ಬರುವುದು ಇನ್ನೊಂದು. ಲಿಫ್ಟಿನ ಗುಂಡಿಗೆ ಇಳಿಯುವ ಗಂಡನಿಗೆ ಅಪಘಾತದ್ದೇ ಮುಖ್ಯ ಅನಿಸಿತು. ಅವಳು ಪಟ್ಟು ಬಿಡಲಿಲ್ಲ. "ನಂಗೆ ಕಾಯಿಲೆದು ಬೇಕೇ ಬೇಕು ರೀ. ಅಕ್ಕನ ಪಾಡು ನೋಡಿದೀವಲ್ಲ."

ಗಂಡ ಕೆಲಸದ ಜಾಗದಲ್ಲಿ ಯಾರನ್ನೋ ವಿಚಾರಿಸಿ ಬಂದ. "ಅಕ್ಕನ ವಿಷಯ ಎತ್ತಿದ್ರೆ ಆ ರೈಡರ್ ಕೊಡೋದೇ ಡೌಟು ಅಂತೆ. ಸುಳ್ಳು ಹೇಳು ಅಂತಿಲ್ಲ ಕಣೇ. ಕೇಳದೆ ಹೇಳ್ಬೇಡ, ಅಷ್ಟೆ."

ಅವಳು ಹ್ಞೂಂ ಅಂದಳು. ಕೇಳದೆ ಹೇಳುವುದಿಲ್ಲ, ಅದರಲ್ಲಿ ತಪ್ಪೇನು ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಭಾನುವಾರ ಬೆಳಗ್ಗೆ ಏಜೆಂಟು ಬಂದ. ತೆಳ್ಳಗಿನ, ಮಾತಿಗೆ ಮುಂಚೆ ಮುಗುಳ್ನಗುವ ಮನುಷ್ಯ. ಮಗಳು ಗೆಳತಿಯ ಮನೆಗೆ ಹೋಗಿದ್ದಳು. ಭಾನುವಾರದ ಊಟಕ್ಕೆಂದು ಅಕ್ಕ ಬೇಗನೆ ಬಂದವಳು ಅಡುಗೆಮನೆಯಲ್ಲಿದ್ದಳು. ಯಾರೋ ಬಂದ ಸದ್ದು ಕೇಳಿ, ಯಾರೂ ಹೇಳದಿದ್ದರೂ ಟೀಗೆ ಇಟ್ಟಳು.

ಏಜೆಂಟು ಒಂದೊಂದೇ ಪ್ರಶ್ನೆ ಓದುತ್ತ ಹೋದ. ಬಿಪಿ ಇದೆಯಾ, ಸಕ್ಕರೆ ಕಾಯಿಲೆ ಇದೆಯಾ, ಅಪ್ಪ ಅಮ್ಮ ಹೇಗೆ ತೀರಿಕೊಂಡರು. ಎಲ್ಲಕ್ಕೂ ಸಲೀಸಾಗಿ ಉತ್ತರ ಬಂತು.

"ಒಡಹುಟ್ಟಿದವರು ಯಾರಾದರೂ?"

ಕಾಯಿಲೆಯ ಪ್ರಶ್ನೆ ಬರುತ್ತದೆಂದು ಅವಳು ಸಿದ್ಧವಾಗಿದ್ದಳು. ಈ ಪ್ರಶ್ನೆಗೆ ಸಿದ್ಧವಾಗಿರಲಿಲ್ಲ. ಅಕ್ಕ ಇದ್ದಾಳೆ ಅಂದರೆ ಮುಂದಿನ ಪ್ರಶ್ನೆ ಅಕ್ಕನ ಆರೋಗ್ಯದ್ದೇ.

"ಯಾರೂ ಇಲ್ಲ," ಅಂದುಬಿಟ್ಟಳು. "ನಾನೊಬ್ಬಳೇ ಮಗಳು."

ಅಡುಗೆಮನೆಯ ಬಾಗಿಲಲ್ಲಿ ಟ್ರೇ ಹಿಡಿದು ಅಕ್ಕ ನಿಂತಿದ್ದಳು.

ಲೋಟಗಳು ಸದ್ದು ಮಾಡಲಿಲ್ಲ. ಅಕ್ಕ ನಾಲ್ಕು ಹೆಜ್ಜೆ ನಡೆದು ಬಂದು ಟ್ರೇ ಇಟ್ಟಳು. ಗಂಡ ಗೋಡೆಯ ಕಡೆ ತಿರುಗಿದ. ಏಜೆಂಟು ಲೋಟ ಎತ್ತಿಕೊಳ್ಳುತ್ತ, "ಇವರು..?" ಅಂದ.

ಅಕ್ಕನೇ ಹೇಳಿದಳು. "ನಾನು ಪಕ್ಕದ ಬೀದಿಯವಳು ಸಾರ್. ಸ್ವಲ್ಪ ಸಕ್ಕರೆ ಬೇಕಿತ್ತು, ಅದಕ್ಕೆ ಬಂದಿದ್ದೆ. ಇವರು ಮಾತಾಡ್ತಾ ಇದ್ರಲ್ಲ, ಟೀ ನಾನೇ ಮಾಡ್ದೆ."

"ಕೈಗೆ ಏನಾಯ್ತಮ್ಮಾ?"

"ಬಿದ್ದೆ ಸಾರ್. ಕೊಳದ ಹತ್ರ ಜಾರುತ್ತೆ."

ಆಮೇಲೆ ಒಳಗೆ ಹೋಗಿ, ನಿಜಕ್ಕೂ ಒಂದು ಬಟ್ಟಲಿಗೆ ಸಕ್ಕರೆ ತುಂಬಿಕೊಂಡು, ಎಲ್ಲರ ಮುಂದೆಯೇ ಹಾದು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಹೋಗುವಾಗ ಪಕ್ಕದ ಬೀದಿಯವರು ಹೇಳುವ ಹಾಗೆಯೇ, "ಬರ್ತೀನಮ್ಮಾ" ಅಂದಳು. ಹುಟ್ಟಿದಾಗಿನಿಂದ ಅವಳು ತಂಗಿಯನ್ನು ಅಮ್ಮಾ ಅಂತ ಕರೆದವಳಲ್ಲ.

ಕನ್ನಡಕದಮ್ಮನ ಮೈ ಹಿಡಿಯಷ್ಟಾಯಿತು. ಮುಂದೆ ಏಜೆಂಟು ಏನು ಕೇಳಿದ, ತಾನೇನು ಹೇಳಿದೆ, ಒಂದೂ ತಲೆಗೆ ಹೋಗಲಿಲ್ಲ. ಅವನು ತೋರಿಸಿದ ಕಡೆ ಸಹಿ ಹಾಕಿದಳು. ಅವನು ಅತ್ತ ಹೋದ ಮೇಲೆ ಗಂಡ, "ನಾನೇನು ಅಕ್ಕನೇ ಇಲ್ಲ ಅನ್ನು ಅಂದಿದ್ನಾ?" ಅಂದ. ಆ ಮಾತು ನಿಜವಾಗಿದ್ದರಿಂದ ಅವಳಿಗೆ ಜಗಳವಾಡುವ ದಾರಿಯೂ ಇರಲಿಲ್ಲ.

ಮರುದಿನ ಅಕ್ಕ ಎಂದಿನಂತೆ ಮಗಳನ್ನು ಶಾಲೆಯಿಂದ ಕರೆತಂದಳು. ಬಟ್ಟಲನ್ನು ಸಕ್ಕರೆಯ ಸಮೇತ ಅದರ ಜಾಗದಲ್ಲೇ ಇಟ್ಟಿದ್ದಳು. ಮುಖ ಊದಿಸಿಕೊಂಡಿದ್ದರೆ, ನಾಲ್ಕು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಪಾಲಿಸಿ ಆಯ್ತೇನೇ?" ಅಂತ ಕೇಳಿ, ಮಗಳ ಜಡೆ ಹೆಣೆಯುತ್ತ ಕೂತಳು. ತಂಗಿ, "ಅಕ್ಕ, ನಿನ್ನೆ..." ಅಂತ ಶುರುಮಾಡಿದಳು. "ಬಿಡು, ನಿನಗೊಬ್ಬಳು ಮಗಳಿದಾಳೆ" ಅಂತ ಅಕ್ಕ ಮಾತು ಕತ್ತರಿಸಿದಳು.

ಆ ವಾರವೆಲ್ಲ ಅಂಗಡಿಯಲ್ಲಿ ಅವಳ ಕೈ ಓಡಲಿಲ್ಲ. ಒಬ್ಬರ ಗಾಜನ್ನು ಇನ್ನೊಬ್ಬರ ಫ್ರೇಮಿಗೆ ಕೂರಿಸಿ ಮಾಲೀಕನ ಕೈಲಿ ಅನಿಸಿಕೊಂಡಳು. ಕೊನೆಗೆ ತಡೆಯಲಾರದೆ, ಊಟದ ಬಿಡುವಿನಲ್ಲಿ ಏಜೆಂಟಿನ ಆಫೀಸಿಗೆ ನಡೆದೇ ಹೋದಳು.

"ನನಗೊಬ್ಬಳು ಅಕ್ಕ ಇದಾಳೆ ಸಾರ್. ಅವತ್ತು ಟೀ ಕೊಟ್ಟಳಲ್ಲ, ಅವಳೇ."

ಅವನ ಮುಗುಳ್ನಗು ಮಾಯವಾಯಿತು. ಕೈಯಲ್ಲಿದ್ದ ಪೆನ್ನು ಕೆಳಗಿಟ್ಟ. "ಕಾಯಿಲೆ?"

"ಎದೆಯ ಕ್ಯಾನ್ಸರು."

"ಮೇಡಂ, ನಾಳೆ ನಿಮಗೇನಾದ್ರೂ ಆದ್ರೆ ಕಂಪನಿಯೋರು ಹಳೇದೆಲ್ಲ ಕೆದಕ್ತಾರೆ. ಸುಳ್ಳು ಸಿಕ್ರೆ ರೈಡರ್ ಹಣ ಹಾಗಿರ್ಲಿ, ನಿಮ್ಮ ಮಗಳಿಗೆ ಬರಬೇಕಾದ್ದಕ್ಕೂ ಕಲ್ಲು ಬೀಳುತ್ತೆ. ಹೇಳಿದ್ದು ಒಳ್ಳೇದಾಯ್ತು." ಹೊಸ ಹಾಳೆಗಳನ್ನು ಎಳೆದುಕೊಂಡ. "ಶುರುವಾದಾಗ ಅವರ ವಯಸ್ಸೆಷ್ಟು?"

ಅವಳಿಗೆ ಗೊತ್ತಿರಲಿಲ್ಲ.

"ಒಂದು ಕಡೆನಾ, ಎರಡೂ ಕಡೆನಾ? ಮನೆತನದಲ್ಲಿ ಬರೋದು ಅಂತ ಡಾಕ್ಟರು ಏನಾದ್ರೂ ಅಂದಿದ್ರಾ?"

ಅದೂ ಗೊತ್ತಿರಲಿಲ್ಲ. ಅಕ್ಕ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಅವಳು ಊಟದ ಡಬ್ಬಿ ಕಳಿಸುತ್ತಿದ್ದಳು. ಅಂಗಡಿ ಬಿಡಲಾಗುವುದಿಲ್ಲ, ಮಗಳು ಚಿಕ್ಕವಳು, ಆಸ್ಪತ್ರೆಯ ವಾಸನೆ ತನಗಾಗದು. ಒಂದಲ್ಲ ಒಂದು ನೆಪ. ಡಬ್ಬಿ ತಪ್ಪದೆ ಹೋಗುತ್ತಿತ್ತು, ಡಬ್ಬಿಯ ಹಿಂದೆ ಅವಳು ಹೋಗುತ್ತಿರಲಿಲ್ಲ. ಏಜೆಂಟು ಉತ್ತರಕ್ಕೆ ಕಾಯುತ್ತ ಅವಳ ಮುಖವನ್ನೇ ನೋಡುತ್ತಿದ್ದ. "ಕೇಳ್ಕೊಂಡು ಬರ್ತೀನಿ" ಅಂತ ಎದ್ದಳು. ಸ್ವಂತ ಅಕ್ಕನ ಬಗ್ಗೆ ಕೇಳಿಕೊಂಡು ಬರಬೇಕು ಅಂದಾಗ ನೆಲ ಬಿರಿದು ನುಂಗಬಾರದೇ ಅನಿಸಿತು.

ಈಜುಕೊಳದಲ್ಲಿ ಮಧ್ಯಾಹ್ನದ ಮಕ್ಕಳು ಹೋಗಿದ್ದರು, ಸಂಜೆಯವರು ಇನ್ನೂ ಬಂದಿರಲಿಲ್ಲ. ಅಕ್ಕ ಒದ್ದೆ ನೆಲಕ್ಕೆ ಪೊರಕೆ ಎಳೆಯುತ್ತಿದ್ದಳು, ಎಡಗೈಯಲ್ಲಿ. ತಂಗಿ ಬಂದ ಕೆಲಸ ಹೇಳಿದಳು. ಏಜೆಂಟಿಗೆ ನಿಜ ಹೇಳಿದ್ದನ್ನೂ, ಅವನ ಪ್ರಶ್ನೆಗಳಿಗೆ ಉತ್ತರ ಇಲ್ಲದೆ ಎದ್ದು ಬಂದದ್ದನ್ನೂ ಹೇಳಿದಳು.

ಅಕ್ಕ ಪೊರಕೆ ಗೋಡೆಗೆ ಒರಗಿಸಿದಳು. "ನಲವತ್ತೊಂದು. ಬಲಗಡೆ ಮಾತ್ರ. ಮನೆತನದ್ದಲ್ಲ ಅಂತ ರಕ್ತ ಪರೀಕ್ಷೆ ಮಾಡಿ ಹೇಳಿದ್ರು. ಆ ಪರೀಕ್ಷೆ ಮಾಡಿಸಿದ್ದೇ ನಿನಗೋಸ್ಕರ, ನಿನ್ನ ಮಗಳಿಗೋಸ್ಕರ."

"ನಂಗೆ ಹೇಳ್ಲೇ ಇಲ್ವಲ್ಲಕ್ಕ."

"ನೀನು ಬಂದಾಗ ಹೇಳೋಣ ಅಂತಿದ್ದೆ."

ಬೈಗುಳವಲ್ಲ, ಚುಚ್ಚುಮಾತೂ ಅಲ್ಲ. ನಡೆದದ್ದನ್ನು ನಡೆದಂತೆ ಹೇಳಿದಳು. ತಂಗಿ ಕೊಳದ ನೀರನ್ನು ನೋಡುತ್ತ ನಿಂತಳು. ಅಕ್ಕ, "ಗಾಯ ನೋಡ್ತೀಯಾ? ಏಜೆಂಟಿನ ಇನ್ನೊಂದು ಪ್ರಶ್ನೆಗೆ ಉತ್ತರ ಆದೀತು" ಅಂದಳು. ನಗುತ್ತಲೇ ಅಂದದ್ದು. ಆದರೆ ಬಟ್ಟೆ ಬದಲಿಸುವ ಕೋಣೆಯ ಬಾಗಿಲು ತೆಗೆದು ಒಳಗೆ ಹೋದಾಗ ನಗು ಇರಲಿಲ್ಲ.

ಅಲ್ಲಿ ಹಸಿ ಟವೆಲಿನ ವಾಸನೆ. ಅಕ್ಕ ಗುಂಡಿ ಬಿಚ್ಚಿದಳು. ಎದೆಯ ಒಂದು ಕಡೆ ಚಪ್ಪಟೆಯಾಗಿ, ಕಂಕುಳಿನ ತನಕ ಒಂದು ಓರೆ ಗೆರೆ ಎಳೆದಂತಿತ್ತು. ಗೆರೆಯ ಸುತ್ತ ಚರ್ಮ ಸುಕ್ಕಾಗಿತ್ತು. ಚಿಕ್ಕಂದಿನಲ್ಲಿ ಒಂದೇ ಬಚ್ಚಲಲ್ಲಿ ಒಟ್ಟಿಗೆ ಸ್ನಾನ ಮಾಡಿ ಬೆಳೆದವರು ಅವರು. ತಂಗಿ ಕಣ್ಣು ಕೆಳಗೆ ಹಾಕಿದಳು. "ನೋಡೇ," ಅಂದಳು ಅಕ್ಕ. "ಬಂದಿದೀಯಲ್ಲ, ನೋಡು." ಆಗ ಅವಳು ತಲೆ ಎತ್ತಿ ನೋಡಿದಳು. ಅಳು ಬಂತು. ಅಕ್ಕ ಸಮಾಧಾನ ಮಾಡಲಿಲ್ಲ. ಗುಂಡಿ ಹಾಕಿಕೊಂಡು, ಪಟ್ಟಿ ಸರಿಮಾಡಿಕೊಂಡು, ಸಂಜೆಯ ಮಕ್ಕಳು ಬರುತ್ತಾರೆಂದು ಹೊರಗೆ ಹೋದಳು.

ಹೊಸ ಅರ್ಜಿ ಹೋಯಿತು. ಎದೆಯ ತಪಾಸಣೆ ಮಾಡಿಸಿಕೊಂಡು ಬನ್ನಿ ಅಂತ ಕಂಪನಿ ಹೇಳಿತು. ಆ ದಿನ ಹೊರಡುವಾಗ ಅಕ್ಕ ಬಾಗಿಲಲ್ಲಿ ಬಂದು ನಿಂತಿದ್ದಳು. "ನಡಿ. ಮೆಷಿನ್ನು ತಣ್ಣಗಿರುತ್ತೆ, ಒತ್ತುತ್ತೆ, ಗಾಬರಿ ಆಗ್ಬೇಡ." ಮೂರು ತಾಸು ಕಾಯುವ ಬೆಂಚಿನ ಮೇಲೆ ಒಟ್ಟಿಗೆ ಕೂತರು. ಆ ಮೂರು ತಾಸಿನಲ್ಲಿ ಅಕ್ಕ ಒಂದು ಸಲವೂ ಹಳೆಯದನ್ನು ಎತ್ತಲಿಲ್ಲ. ತಂಗಿಗೆ ಮಾತ್ರ ಬೆಂಚು ಮುಳ್ಳಿನಂತಾಗಿತ್ತು.

ತಪಾಸಣೆಯಲ್ಲಿ ಏನೂ ಸಿಗಲಿಲ್ಲ. ಪಾಲಿಸಿಯೂ ಬಂತು. ಟರ್ಮ್ ವಿಮೆ ಸಿಕ್ಕಿತು, ಅಪಘಾತದ ರೈಡರ್ ಸಿಕ್ಕಿತು. ಕಾಯಿಲೆಯ ರೈಡರ್ ಮಾತ್ರ ಕೊಡುವುದಿಲ್ಲ ಅಂದರು. ಗಂಡ ಒಂದೆರಡು ದಿನ ಮುಖ ಗಂಟು ಹಾಕಿಕೊಂಡು ಓಡಾಡಿದ, ಆಮೇಲೆ ಬೇರೆ ಕಂಪನಿ ವಿಚಾರಿಸೋಣ ಅಂದ. "ವಿಚಾರಿಸಿ," ಅಂದಳು ಅವಳು. "ಆದ್ರೆ ಅಕ್ಕನ ವಿಷಯ ಮೊದಲು ಹೇಳಿ, ಆಮೇಲೆ ದರ ಕೇಳಿ."

ಸುದ್ದಿ ಕೇಳಿ ಅಕ್ಕ ಪೆಚ್ಚಾದಳು. "ಛೆ. ನನ್ನಿಂದ ನಿನಗೆ ಸಿಗದ ಹಾಗಾಯ್ತಲ್ಲೇ. ತಪ್ಪು ತಿಳ್ಕೋಬೇಡ."

ತಪ್ಪು ತಿಳ್ಕೋಬೇಡ ಅಂತ ಅಕ್ಕನೇ ಹೇಳಿದಳು! "ನೀನು ಹಾಗನ್ನಬೇಡಕ್ಕ, ನಾನು ಸತ್ತೇ ಹೋಗ್ತೀನಿ" ಅಂತ ಕನ್ನಡಕದಮ್ಮ ತೊದಲಿದಳು. "ಈಗ ಸಾಯಬಹುದು ಬಿಡು, ಪಾಲಿಸಿ ಬಂದಿದೆ" ಅಂದಳು ಅಕ್ಕ. ಇಬ್ಬರೂ ನಕ್ಕರು. ತಂಗಿಯ ನಗು ಅರ್ಧಕ್ಕೇ ನಿಂತಿತು.

ಅಕ್ಕನ ಕೈಯ ಊತಕ್ಕೆ ಮುಂದಿನ ತಪಾಸಣೆ ಇದ್ದ ದಿನ ಅವಳು ಅಂಗಡಿಗೆ ರಜೆ ಹಾಕಿದಳು.

"ಈಗ್ಯಾಕೆ ಬರ್ತೀಯೇ? ನೋಡೋಕೆ ಈಗೇನಿದೆ?" ಅಂದಳು ಅಕ್ಕ.

ಆದರೂ ತಂಗಿ ಹೋದಳು. ಅಕ್ಕ ಮುಂದೆ ಮುಂದೆ, ಅವಳು ಹಿಂದೆ. ಡಾಕ್ಟರ ಕೋಣೆಯೊಳಗೆ ಅಕ್ಕ ಅವಳನ್ನು ಕರೆಯಲಿಲ್ಲ. ಅವಳೂ ಒಳಗೆ ಬರಲೇ ಅಂತ ಕೇಳಲಿಲ್ಲ. ಅಕ್ಕನ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಹೊರಗೇ ಕೂತಿದ್ದಳು.