ತೊಡೆಯೊಳಗಿನ ಹಸಿರು ಚುಕ್ಕಿ

ದೀಪ ಆರಿಸಿದರು. ಶಸ್ತ್ರಕ್ರಿಯೆಯ ಕೋಣೆಯಲ್ಲಿ ಉಳಿದದ್ದು ಕ್ಯಾಮೆರಾದ ತೆರೆಯ ಬೆಳಕು ಮಾತ್ರ. ಮೇಜಿನ ಮೇಲೆ ನಮ್ಮ ನಾಯಿ ದೊರೆ ಮೈಮರೆತು ಮಲಗಿದ್ದ. ಅವನಿಗೆ ಆ ಹೆಸರಿಟ್ಟವಳು ನನ್ನ ಹೆಂಡತಿ. ಅವಳು ಗಡ್ಡೆಯ ಕಾಯಿಲೆಯಿಂದ ತೀರಿಕೊಂಡು ವರ್ಷ ತುಂಬಿರಲಿಲ್ಲ; ಅಷ್ಟರಲ್ಲಿ ಇವನ ಹಿಂಗಾಲಿನ ತೊಡೆಯಲ್ಲೂ ಗಡ್ಡೆ ಎದ್ದಿತು. ಅವಳನ್ನಂತೂ ನೀನು ಕರೆದುಕೊಂಡೆ, ಇವನನ್ನಾದರೂ ಬಿಡಪ್ಪಾ ಎಂದು ದೇವರನ್ನು ಬೇಡುತ್ತ ನಾನು ಗೋಡೆಗೆ ಒರಗಿ ನಿಂತಿದ್ದೆ.

ಕೊಯ್ಯುತ್ತಿದ್ದವಳು ಹೆಂಡತಿಯ ಅಣ್ಣನ ಮಗಳು, ಪಶುವೈದ್ಯೆ. ಹಿಂದಿನ ದಿನ ಅವಳು ದೊರೆಯ ರಕ್ತನಾಳಕ್ಕೆ ಹೊಸ ಔಷಧಿಯೊಂದನ್ನು ಚುಚ್ಚಿದ್ದಳು. ಅದರ ಅಣುಗಳು ಮೈಯೆಲ್ಲ ಸುತ್ತಿ, ಗಡ್ಡೆ ಸಿಕ್ಕಿದಲ್ಲಿ ಅಂಟಿಕೊಳ್ಳುತ್ತವಂತೆ. ವಿಶೇಷ ದೀಪ ಹಿಡಿದರೆ ಹೊಳೆಯುತ್ತವೆ. ಆ ಹೊಳಪು ಬರಿಗಣ್ಣಿಗೆ ಕಾಣದು. ತೆರೆಯ ಮೇಲೆ ಹಸಿರಾಗಿ ಮೂಡುತ್ತದೆ.

ಗಡ್ಡೆಯನ್ನು ಆಗಲೇ ತೆಗೆದು ತಟ್ಟೆಗೆ ಹಾಕಿದ್ದಳು. ಈಗ ನೋಡಬೇಕಿದ್ದದ್ದು ಅದು ಬಿಟ್ಟುಹೋದ ಗುಳಿಯನ್ನು. ತೆರೆಯಲ್ಲಿ ಗುಳಿ ಕಪ್ಪಾಗಿದ್ದರೆ ಗಡ್ಡೆ ಉಳಿದಿಲ್ಲವೆಂದು ಹೊಲಿಗೆ ಹಾಕಿ ಮುಗಿಸುವುದು.

ಕಪ್ಪಾಗಿಯೇ ಇತ್ತು. ಅವಳು ದೀಪವನ್ನು ಎಲುಬಿನ ಕಡೆಗೆ ಓರೆ ಮಾಡಿದಳು. ಎಳ್ಳಿನಷ್ಟು ಹಸಿರು.

"ತೆರೆ ಒರೆಸಿ ನೋಡು," ಎಂದಳು. ದೊರೆಯ ತಲೆಯ ಬಳಿ ಕೂತಿದ್ದ ಅರಿವಳಿಕೆಯ ವೈದ್ಯ ಒರೆಸಿದ. ಚುಕ್ಕಿ ಹೋಗಲಿಲ್ಲ.

"ಮಾವ, ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ. ಇತ್ತೀಚೆಗೆ ಇವನಿಗೆ ಇಲ್ಲಿ ಗಾಯ ಗೀಯ ಆಗಿತ್ತಾ? ಮುಳ್ಳು ಚುಚ್ಚೋದು, ಇನ್ನೊಂದು ನಾಯಿ ಕಚ್ಚೋದು?"

"ಯಾಕಮ್ಮ?"

"ಗಾಯ ಮಾಯ್ತಿರೋ ಕಡೆನೂ ಈ ಔಷಧಿ ಹೊಳೆಯುತ್ತೆ. ಹಂಗಿದ್ರೆ ಹೊಲಿದು ಬಿಡ್ತೀನಿ. ಇಲ್ಲಾಂದ್ರೆ ಗಡ್ಡೆ ಎಲುಬಿಗೆ ಇಳಿದಿದೆ ಅಂತ್ಲೇ ಲೆಕ್ಕ. ಕಾಲೇ ತೆಗೀಬೇಕು."

"ಪರೀಕ್ಷೆಗೆ ಕಳಿಸಿದ್ರೆ?"

"ಉತ್ತರ ಬರೋದು ನಾಳೆ."

"ಇವನ ಗುಂಡಿಗೆ ಈಗ್ಲೇ ನನ್ನ ಜೊತೆ ಜಗಳಕ್ಕೆ ನಿಂತಿದೆ, ಯಜಮಾನ್ರೇ," ಎಂದ ಅರಿವಳಿಕೆಯವನು. "ಇನ್ನೊಂದು ಸಲ ಮಲಗಿಸೋ ಧೈರ್ಯ ನನಗಿಲ್ಲ. ಬೇಗ ಹೇಳಿ."

ಹೂಂ ಎಂದರೆ ಕಾಲು ಉಳಿಯುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದು ಕುಳಿತಿತ್ತು. ಬೀದಿಯಲ್ಲಿ ನಾಯಿಗಳಿಲ್ಲವೇ, ಬೇಲಿಯಲ್ಲಿ ಮುಳ್ಳಿಲ್ಲವೇ, ಆಗಿದ್ದರೂ ಆಗಿರಬಹುದು ಎಂದು ಮನಸ್ಸು ವಕೀಲಿ ಮಾಡಿತು. ಆದರೆ ಹೆಂಡತಿ ಹೋದಮೇಲೆ ಅವನ ಮೈ ತೊಳೆಯುತ್ತಿದ್ದವನು ನಾನೇ. ಆ ತೊಡೆ ನನ್ನ ಅಂಗೈಗೆ ಗೊತ್ತು. ಈಗಷ್ಟೇ ದೇವರನ್ನು ಬೇಡಿದ ಬಾಯಿಯಲ್ಲಿ ಸುಳ್ಳು ಹೊರಡಲಿಲ್ಲ.

"ಇಲ್ಲಮ್ಮ. ಗಾಯ ಆಗಿಲ್ಲ."

"ಖಂಡಿತಾನಾ?"

"ಖಂಡಿತ. ತೆಗಿ."

ಗರಗಸದ ಸದ್ದು ನಿಲ್ಲುವವರೆಗೆ ಗೋಡೆಯ ಕಡೆ ಮುಖ ಮಾಡಿದ್ದೆ. ಮತ್ತೆ ದೀಪ ಆರಿತು. ತೆರೆಯೆಲ್ಲ ಕಪ್ಪು.

"ಎಲ್ಲಾ ಹೋಯ್ತಾ?"

"ಕಾಣೋದೆಲ್ಲ ಹೋಯ್ತು, ಮಾವ. ಕಾಣದೇ ಇರೋದಕ್ಕೆ ನಾನು ಮಾತು ಕೊಡಲ್ಲ."

ಮರುದಿನ ಆಸ್ಪತ್ರೆಯ ಹಿತ್ತಿಲಿಗೆ ದೊರೆಯನ್ನು ಮೆಲ್ಲಗೆ ನಡೆಸಿಕೊಂಡು ಬಂದೆ. ಅವಳೂ ಹಿಂದೆಯೇ ಬಂದಳು. "ಎಲುಬಿನಲ್ಲಿ ಇದ್ದದ್ದು ಗಡ್ಡೆನೇ, ಮಾವ," ಎಂದಷ್ಟೇ ಹೇಳಿ ನನ್ನ ತೋಳು ಹಿಡಿದುಕೊಂಡಳು.

ದೊರೆ ಕಂಬವೊಂದನ್ನು ಮೂಸಿ, ಸುಮ್ಮನೆ ನಿಂತುಬಿಟ್ಟ.

"ಯಾವ ಕಾಲು ಎತ್ತೋದು ಅಂತ ದೊರೆಗಳು ಯೋಚನೆಗೆ ಬಿದ್ದಿದ್ದಾರೆ," ಎಂದ ಕಿಟಕಿಯಿಂದ ಅರಿವಳಿಕೆಯವನು.

ನಾನು ಬಾಗಿ ಅವನ ಸೊಂಟಕ್ಕೆ ಕೈ ಕೊಟ್ಟೆ. ಮರ್ಯಾದೆ ಹೋಯಿತೆಂಬಂತೆ ಅವನು ಕತ್ತು ತಿರುಗಿಸಿಕೊಂಡ. ಆಮೇಲೆ ಭಾರವನ್ನೆಲ್ಲ ನನ್ನ ಕೈಗೆ ಬಿಟ್ಟು, ಇದ್ದೊಂದು ಹಿಂಗಾಲನ್ನು ಊರಿಕೊಂಡು, ನನ್ನ ಚಪ್ಪಲಿಯನ್ನು ತೋಯಿಸಿದ.